ಮುಡಿಗೆ ಬಂದ ಹೂ

“ಗುರುಗಳೇ, ಐದಂಗವನ್ನೂ ಬಲ್ಲವನಿಗೆ ಗಿಡ ಮೋಸ ಮಾಡೀತೇ?”

ಹೀಗೆ ಕೇಳಿದವನು ಮರುದಿನ ಊರಿಗೆ ಹೊರಡಲಿದ್ದ ಶಿಷ್ಯ. ಊರಿನಲ್ಲಿ ಮದ್ದು ಕೊಡಲು ಕೂರುವವನು. ಮರ, ಪೊದೆ, ಬಳ್ಳಿ, ಹುಲ್ಲು ಎಂದು ಹಸಿರನ್ನೆಲ್ಲ ಪಂಗಡ ಮಾಡುವುದು ಅವನಿಗೆ ಬಾಯಿಪಾಠ. ಎಲೆಯ ನರ ಬಲೆಯಂತೆ ಹೆಣೆದಿದ್ದರೆ ಕೆಳಗೆ ತಾಯಿಬೇರು ಇಳಿದಿದೆ, ನರ ಗೆರೆಗೆರೆಯಾಗಿ ಓಡಿದ್ದರೆ ಎಳೆಬೇರಿನ ಕಂತೆ ಇದೆ ಎಂದು ಅಗೆಯದೆಯೇ ಹೇಳಬಲ್ಲ. ಮನಸ್ಸಿನಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು. ಇರಲಿ, ವಯಸ್ಸು.

ಗುರುಗಳು ಹೇಳಿದರು:

ಒಬ್ಬ ವೈದ್ಯನಿದ್ದ. ಬೇರು, ಕಾಂಡ, ಎಲೆ, ಹೂ, ಕಾಯಿ, ಈ ಐದನ್ನೂ ಕಣ್ಣಾರೆ ಕಾಣದೆ ಗಿಡದ ಹೆಸರು ಹೇಳಕೂಡದು ಎಂಬುದು ಅವನ ಮನೆತನದ ಕಟ್ಟಳೆ. ಅವನ ಹೆಂಡತಿಗೆ ಜ್ವರ ಬಂತು. ಬಂದದ್ದು ಇಳಿಯಲಿಲ್ಲ. ಆ ಜ್ವರಕ್ಕೆ ಮದ್ದು ಒಂದೇ ಗಿಡ. ಅಂಥದ್ದೊಂದು ಹಿತ್ತಿಲಾಚೆಯ ದಿಣ್ಣೆಯ ಮೇಲೇ ಇತ್ತು. ಆದರೆ ಆ ಗಿಡಕ್ಕೊಂದು ದಾಯಾದಿ ಗಿಡ. ಬೇರು ಅದೇ, ಕಾಂಡ ಅದೇ, ಎಲೆ ಅದೇ, ಕಾಯಿಯೂ ಅದೇ. ಹೂ ಮಾತ್ರ ಬೇರೆ. ಮದ್ದಿನದು ನೀಲಿ, ವಿಷದ್ದು ಹಳದಿ. ದಿಣ್ಣೆಯ ಗಿಡದಲ್ಲಿ ಹೋದ ವರ್ಷದ ಒಣಕಾಯಿ ನೇತಾಡುತ್ತಿತ್ತು. ಹೋದ ವರ್ಷ ಅದು ಅರಳಿದ್ದನ್ನು ಅವನು ಕಂಡಿರಲಿಲ್ಲ. ಈ ವರ್ಷದ ಹೂ ಇನ್ನೂ ಮೊಗ್ಗು.

ಒಂದು ಮೊಗ್ಗನ್ನು ಉಗುರಿನಿಂದ ಸೀಳಿದ. ಒಳಗೆ ಬರೀ ಹಸಿರು. ಎಲೆ ಕಿತ್ತು ತಾನೇ ಅಗಿದು ನುಂಗಿದ. ಬಾಯಿ ಕಹಿಯಾಯಿತು, ಅಷ್ಟೇ. ಗಟ್ಟಿ ಮೈಗೆ ಎರಡೂ ಒಂದೇ, ವಿಷ ಏರುವುದು ಜ್ವರದ ಮೈಗೆ. ಕಾಡೆಲ್ಲ ತಿರುಗಿದ. ಎಲ್ಲಿ ಹೋದರೂ ಮೊಗ್ಗೇ.

“ಊರ ಗಿಡಕ್ಕೆಲ್ಲ ಹೆಸರಿಟ್ಟಿರಿ. ನನಗೊಂದು ಎಲೆ ಅರೆದು ಕೊಡಲಾರಿರಾ?” ಎಂದಳು ಹೆಂಡತಿ.

“ಹೂ ಅರಳಲಿ ಕಣೇ.”

“ನಾನು ಕೇಳ್ತಿರೋದು ಮುಡಿಯೋಕಲ್ಲ ರೀ, ಕುಡಿಯೋಕೆ.”

ಗಿಡ ಕೀಳುವ ಹಿಂದಿನ ಸಂಜೆ ಅದಕ್ಕೆ ಅರಿಶಿನದ ದಾರ ಕಟ್ಟಿ, ನಾಳೆ ಬರುತ್ತೇನೆ, ಒಪ್ಪಿಕೋ ಎಂದು ಕೇಳುವುದು ವೈದ್ಯರ ಪದ್ಧತಿ. ಅವನು ಸಂಜೆ ಸಂಜೆಗೂ ದಾರ ಕಟ್ಟಿದ. ಬೆಳಗ್ಗೆ ಹೋದರೆ ಮೊಗ್ಗು ಹಾಗೇ. ಕಾಂಡದ ತುಂಬ ದಾರವಾಯಿತು. ಹೆಂಡತಿ ಕೇಳುವುದನ್ನೂ ಬಿಟ್ಟಳು.

ಒಂದು ಬೆಳಗ್ಗೆ ಮೊಗ್ಗು ಬಿರಿದಿತ್ತು. ನೀಲಿ. ವೈದ್ಯ ಬೇರು ಸಮೇತ ಕಿತ್ತುಕೊಂಡು ಓಡಿ ಬಂದ. ಅಂಗಳದಲ್ಲಿ ನೆರೆಯ ಹೆಂಗಸರು ಹೆಣಕ್ಕೆ ನೀರು ಕಾಯಿಸುತ್ತಿದ್ದರು. ಮುತ್ತೈದೆಯಾಗಿ ಹೋದವಳ ಮುಡಿ ಬರಿದಿರಬಾರದು ಎಂದು ಮುದುಕಿಯೊಬ್ಬಳು ಅವನ ಕೈಯ ಗಿಡದಿಂದ ಹೂ ಬಿಡಿಸಿಕೊಂಡು ಅವಳಿಗೆ ಮುಡಿಸಿದಳು.

ಗುರುಗಳ ಕತೆ ಅಲ್ಲಿಗೆ ಮುಗಿಯಿತು. ಶಿಷ್ಯನಿಗೆ ತಡೆಯಲಾಗಲಿಲ್ಲ.

“ಕಟ್ಟಳೆ ಹಿಡಿದು ಕೂತು ಕೈಯಾರೆ ಕಳೆದುಕೊಂಡನಲ್ಲ! ನಾಲ್ಕಂಗ ಒಪ್ಪಿದ ಮೇಲೆ ಕೊಟ್ಟುಬಿಡಬೇಕಿತ್ತು.”

“ಅದರ ಹಿಂದಿನ ವರ್ಷ ಪಕ್ಕದ ಮನೆಯವನಿಗೆ ಕಾಡಿನ ಇಂಥದ್ದೇ ಗಿಡವೊಂದರ ಎಲೆಯನ್ನು ಹಾಗೇ ಕೊಟ್ಟಿದ್ದ. ಅವನನ್ನು ಮಣ್ಣು ಮಾಡಿದ ಮೇಲೆ ಆ ಗಿಡ ಹೂ ಬಿಟ್ಟಿತು. ಹಳದಿ.”

ಶಿಷ್ಯ ಪಕ್ಕದಲ್ಲಿ ಕಟ್ಟಿಟ್ಟಿದ್ದ ತನ್ನ ಗಂಟನ್ನು ನೋಡಿದ. ಅದರ ತುಂಬ ಬೇರು, ತೊಗಟೆ, ಒಣಗಿದ ಎಲೆ.

“ಹಾಗಾದರೆ ಅವನು ಮಾಡಬೇಕಾಗಿದ್ದಾದರೂ ಏನು?” ಎಂದ. ಮೊದಲಿನ ದನಿ ಇರಲಿಲ್ಲ.

“ಹೂ ಅರಳುವುದು ದುಂಬಿಗಾಗಿ, ಮಗನೇ, ನಾವು ಗುರುತು ಹಿಡಿಯಲಿ ಎಂದಲ್ಲ.”

ಶಿಷ್ಯ ಕಟ್ಟಿಟ್ಟ ಗಂಟನ್ನು ಮತ್ತೆ ಬಿಚ್ಚಿದ.