ಒಂಬತ್ತನೆಯ ಹೆಸರು

ಹೊಳೆಯ ಈ ದಂಡೆಯಲ್ಲಿ ಮುಕ್ಕಣ್ಣಜ್ಜನ ಮಠ, ಆ ದಂಡೆಯಲ್ಲಿ ಊರು. ನಡುವೆ ಸೇತುವೆ ಇರಲಿಲ್ಲ. ಮಠಕ್ಕೆ ಬರುವವರು ಹರಿಗೋಲು ಹತ್ತಿಯೇ ಬರಬೇಕು.

ಮೂರು ವರ್ಷದ ಹಿಂದೆ, ಮಠದ ಪ್ರಸಾದಕ್ಕೆಂದು ಜನ ಹತ್ತಿ ಬರುತ್ತಿದ್ದ ಹರಿಗೋಲು ನಡುಹೊಳೆಯಲ್ಲಿ ಮಗುಚಿತು. ಒಂಬತ್ತು ಮಂದಿ ಹೋದರು. ಅವರಲ್ಲಿ ಒಬ್ಬಳು ಪಂಪಕ್ಕ, ಅಜ್ಜನ ಶಿಷ್ಯ ಶರಭನ ಒಡಹುಟ್ಟಿದ ಅಕ್ಕ. ಇನ್ನೊಬ್ಬ ಗಾಳೆಪ್ಪ, ಹರಿಗೋಲು ನಡೆಸುತ್ತಿದ್ದ ಅಂಬಿಗ.

ಈ ವರ್ಷ, ಹೋದವರ ನೆನಪಿಗೆ ಮಠದ ಮುಂದೆ ಒಂದು ಕಲ್ಲು ನಿಲ್ಲಿಸೋಣ ಎಂದರು ಅಜ್ಜ. ಹೆಸರು ಕೆತ್ತುವ ಕೆಲಸವನ್ನು ಶರಭ ತಾನಾಗಿ ಕೇಳಿ ತೆಗೆದುಕೊಂಡ. ಅವನದು ಕಲ್ಲುಕುಟಿಗರ ಮನೆತನ. ಮಠ ಸೇರಿ ಹನ್ನೆರಡು ವರ್ಷವಾಗಿದ್ದರೂ ಕೈ ಉಳಿಯನ್ನು ಮರೆತಿರಲಿಲ್ಲ.

ಒಂದು ತಿಂಗಳಿಗೆ ಕಲ್ಲು ಸಿದ್ಧವಾಯಿತು.

ಅಜ್ಜನ ಕಣ್ಣು ಮಂಜಾಗಿದ್ದವು. ಕಲ್ಲಿನ ಮುಂದೆ ಕೂತು ಬೆರಳಿನಿಂದಲೇ ಓದಿದರು.

"ಎಂಟು ಅದಾವಲ್ಲೋ."

"ಹೌದ್ರಿ ಅಜ್ಜಾರ."

"ಹೋದವರು ಒಂಬತ್ತು."

"ಗಾಳೆಪ್ಪನ ಹೆಸರು ಬಿಟ್ಟೀನ್ರಿ. ಮುಳುಗಿಸಿದವನ ಹೆಸರು ಮುಳುಗಿದವರ ಜೋಡಿ ಬ್ಯಾಡ ಅಂತಾರ ಮನಿಯವರು."

"ಯಾವ ಮನಿಯವರು?"

"ಎಲ್ಲಾರೂ."

"ಕೇಳಿದಿ ಏನು?"

ಶರಭ ನೆಲ ನೋಡಿದ.

"ಹೋಗಿ ಕೇಳಿ ಬಾ. ಆಮ್ಯಾಲೆ ಕಲ್ಲು ನಿಲ್ಸೋಣ," ಅಂದರು ಅಜ್ಜ.

ಎಂಟು ಹೆಸರು, ಆರು ಮನೆ. ಮರುದಿನ ಬೆಳಿಗ್ಗೆ ಶರಭ ಹೊಳೆ ದಾಟಿದ.

ಮೊದಲ ಮನೆಯಲ್ಲಿ ಹನುಮವ್ವ ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಅವಳು ಮಗನನ್ನು ಕಳಕೊಂಡವಳು. ಶರಭನ ಮಾತು ಮುಗಿಯುವ ಮೊದಲೇ ಅವಳು ತಲೆ ಎತ್ತಿದಳು.

"ಬರದಿಲ್ಲೇನು ಇನ್ನ? ನನ್ನ ಮೊಮ್ಮಗನ್ನ ಕೂದಲು ಹಿಡಿದು ಹೊಳಿ ತಿರುವಿನಾಚಿ ದಂಡೀಗೆ ಎಳಕೊಂಡು ಬಂದವ ಅವನ. ನನ್ನ ಮಗನ್ನ ತರ್ತೀನಿ ಅಂತ ಮತ್ತ ನೀರಿಗೆ ಹೋದ. ಬರಲಿಲ್ಲ."

ಶರಭನಿಗೆ ಇದು ಗೊತ್ತಿರಲಿಲ್ಲ. ಮೂರು ವರ್ಷದಲ್ಲಿ ಒಂದು ಸಲವೂ ಅವನು ಈ ಮನೆಗಳ ಕಡೆ ಹೋದವನಲ್ಲ.

ಮುಂದಿನ ಮೂರು ಮನೆಯವರು ಬೇರೆಯವರು ಒಪ್ಪಿದರೆ ತಮ್ಮದೇನೂ ಇಲ್ಲ ಎಂದರು. ಐದನೆಯ ಮನೆ ನಾಗಲಿಂಗನದು. ಅವನ ಹೆಂಡತಿ ಆ ಹರಿಗೋಲಿನಲ್ಲೇ ಹೋದವಳು. ಗಾಳೆಪ್ಪನ ಹೆಸರು ಕಿವಿಗೆ ಬಿದ್ದದ್ದೇ ತಡ, ಅವನು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಅದೇ ಸಂಜೆ ನಾಗಲಿಂಗ ಮಠಕ್ಕೆ ಬಂದ. ಕಲ್ಲಿನ ಮುಂದೆ ತುಂಬ ಹೊತ್ತು ನಿಂತು, ಹೆಂಡತಿಯ ಹೆಸರಿನ ಮೇಲಿದ್ದ ಪುಡಿಯನ್ನು ಊದಿದ.

"ಬರಿ," ಎಂದ ಶರಭನಿಗೆ. "ಆದ್ರ ಆಕಿ ಮಗ್ಗಲಕ ಬ್ಯಾಡ. ತೆಳಗ ಬರಿ."

ಅವನು ಹೋದ ಮೇಲೆ ಶರಭ ಅಜ್ಜನ ಬಳಿಗೆ ಹೋದ.

"ಕೇಳಿ ಬಂದೆ ಅಜ್ಜಾರ. ಯಾರೂ ಬ್ಯಾಡ ಅನ್ನಲಿಲ್ಲ."

"ಎಷ್ಟು ಮನಿ ಕೇಳಿದಿ?"

"ಐದು."

"ಇರೋವು ಆರು."

"ಆರನೇದು ನಂದರಿ."

"ಆ ಮನಿಯವರು ಏನಂದ್ರು?"

ಅಜ್ಜ ಕಾದರು. ದನ ಹೊಳೆಗಿಳಿದು ನೀರು ಕುಡಿದು ಹತ್ತಿ ಹೋದವು. ಅಜ್ಜ ಇನ್ನೂ ಕಾಯುತ್ತಲೇ ಇದ್ದರು.

"ಅವತ್ತು ಅಕ್ಕನ್ನ ಕರಕೊಂಡು ಬರಾಕ ನಾನ ಊರಿಗೆ ಹೋಗಿದ್ದೆ," ಎಂದ ಶರಭ. "ಹರಿಗೋಲು ತುಂಬಿತ್ತು. ಇನ್ನ ಸಾಕು, ಮುಂದಿನ ಸಲ ಬರ್ರಿ ಅಂದ ಗಾಳೆಪ್ಪ. ಅಕ್ಕನೂ ಕಾಯೋಣ ಅಂದಳು. ನಾನ ಬಿಡಲಿಲ್ಲ. ಪೂಜಿ ತಪ್ತದ, ಒಬ್ಬಾಕಿ ಹೆಚ್ಚಾದ್ರ ಏನಾತು ಅಂತ ಕೈ ಹಿಡಿದು ಹತ್ತಿಸಿದೆ. ಮಠದ ಮನುಷ್ಯ ಅಂತ ಅವ ಎದುರಾಡಲಿಲ್ಲರಿ. ನಾನು ಮುಂದಿನ ಹರಿಗೋಲಿಗೆ ಬರ್ತೀನಿ ಅಂತ ದಂಡಿ ಮ್ಯಾಲೆ ನಿಂತಿದ್ದೆ."

ಅಜ್ಜ ಬೈಯಬಹುದು, ಇಲ್ಲವೇ ತಲೆ ಸವರಬಹುದು ಎಂದುಕೊಂಡ ಶರಭ. ಅಜ್ಜ ಎರಡೂ ಮಾಡಲಿಲ್ಲ.

"ಈ ಮಾತು ನನಗಲ್ಲಪಾ," ಅಂದರು. "ದುರುಗಮ್ಮಗ ಹೇಳು."

ದುರುಗಮ್ಮ ಗಾಳೆಪ್ಪನ ಹೆಂಡತಿ. ಹೊಳೆದಂಡೆಯ ಕೊನೆಯ ಮನೆ ಅವಳದು. ಮರುದಿನ ಬೆಳಿಗ್ಗೆ ಶರಭ ಹೋದಾಗ ಅವಳು ಬಲೆಯ ಹರಕು ಹೊಲಿಯುತ್ತಿದ್ದಳು. ನಿಂತಲ್ಲೇ ನಿಂತು ಅವನು ಎಲ್ಲವನ್ನೂ ಹೇಳಿದ. ಅವಳು ಸೂಜಿ ಕೆಳಗಿಡಲಿಲ್ಲ.

"ಗೊತ್ತು ತಮ್ಮಾ," ಎಂದಳು. "ಅವತ್ತು ನಾ ಅಲ್ಲೇ ಅರಿವಿ ಒಗೀತಿದ್ದೆ. ಕೇಳಿಸ್ತು."

"ಮತ್ತ ಊರೆಲ್ಲಾ ಅವನ್ನ ಬೈಯುವಾಗ ಯಾಕ ಹೇಳಲಿಲ್ಲ ಅಕ್ಕಾ?"

"ಹೇಳಬೇಕು ಅಂತ ಮಠದ ತನಕ ಒಂದ್ಸಲ ಬಂದಿದ್ದೆ. ನೀ ನಿಮ್ಮಕ್ಕನ ಸೀರಿ ತೊಡಿ ಮ್ಯಾಲಿಟ್ಕೊಂಡು ಕುಂತಿದ್ದಿ. ಹೊಳ್ಳಿ ಬಂದೆ."

ಅವನು ಅಲ್ಲೇ ಕುಸಿದು ಕೂತು ಅತ್ತ. ಅವಳು ಬಲೆಯನ್ನು ಪಕ್ಕಕ್ಕೆ ಸರಿಸಿ ಒಂದು ಚೊಂಬು ನೀರು ತಂದಿಟ್ಟಳು.

"ಹೆಸರು ಬರೀತಿ ಅಲ್ಲ?" ಎಂದಳು ಆಮೇಲೆ. "ಬರೀ ಗಾಳೆಪ್ಪ ಅಂತ ಬರೀಬ್ಯಾಡ. ಅಂಬಿಗರ ಗಾಳೆಪ್ಪ ಅಂತ ಬರಿ."

ಮಠಕ್ಕೆ ಮರಳಿದವನೇ ಶರಭ ಉಳಿ ಹಿಡಿದ. ಮಧ್ಯಾಹ್ನದ ಹೊತ್ತಿಗೆ ಹೆಸರು ಮುಗಿಯಿತು. ಕಲ್ಲಿಗೇ ಒರಗಿ ಕೂತವನಿಗೆ ನಿದ್ದೆ ಹತ್ತಿತು. ಮೂರು ವರ್ಷದಲ್ಲಿ ಅಂಥ ನಿದ್ದೆ ಅವನಿಗೆ ಬಂದಿರಲಿಲ್ಲ.

ಕಲ್ಲು ನಿಲ್ಲಿಸುವ ದಿನ ಹರಿಗೋಲು ಏಳು ಸಲ ಹೊಳೆ ದಾಟಿತು. ಯಾರೂ ಅವಸರ ಮಾಡಲಿಲ್ಲ. ಹನುಮವ್ವ ಮೊಮ್ಮಗನ ಕೈಯಿಂದ ಕಲ್ಲಿಗೆ ಹೂ ಏರಿಸಿದಳು.

ಶರಭ ಎಲ್ಲರ ಎದುರಿಗೆ ನಿಂತು, ಅಜ್ಜನಿಗೆ ಹೇಳಿದ್ದನ್ನೇ ಮತ್ತೆ ಹೇಳಿದ. ನಾಗಲಿಂಗ ಅವನನ್ನು ದಿಟ್ಟಿಸಿ ನೋಡಿದ. ಆಮೇಲೆ ದುರುಗಮ್ಮನ ಕಡೆ ತಿರುಗಿ ಕೈ ಮುಗಿದ.

ಪ್ರಸಾದಕ್ಕೆ ಎಲೆ ಹಾಕಿದರು. ಒಬ್ಬೊಬ್ಬರಾಗಿ ಮಾತು ಶುರುಮಾಡಿದರು. ಪಂಪಕ್ಕನ ಗೆಳತಿಯೊಬ್ಬಳು ಅವಳ ಹುಡುಗಾಟದ ಕತೆ ಹೇಳಿದಾಗ ಸಾಲಿಗೆ ಸಾಲೇ ನಕ್ಕಿತು. ಕಂಬದ ಮರೆಯಲ್ಲಿ ನಿಂತಿದ್ದ ಶರಭನೂ ನಕ್ಕ.

ಅಜ್ಜ ಅವನನ್ನು ಹತ್ತಿರ ಕರೆದರು.

"ಯಾಕೋ, ಕೂಡಲಿಲ್ಲ?"

"ಎಲ್ಲಿ ಕೂಡಲ್ರಿ ಅಜ್ಜಾರ? ಕಳಕೊಂಡವರ ಸಾಲಿನಾಗೋ, ತಪ್ಪು ಮಾಡಿದವರ ಸಾಲಿನಾಗೋ?"

"ಹಸಿವ್ಯಾಗೇತೇನು?"

"ಆಗೇತ್ರಿ."

"ಹಂಗಾದ್ರ ಜಲ್ದಿ ಕೂಡು. ದುರುಗಮ್ಮ ಬಡಸಾಕ ಹುಗ್ಗಿ ಹಿಡಕೊಂಡು ನಿಂತಾಳ, ಆಕಿ ಕೈ ಸೋಲ್ತಾವ."