ಟೆಂಪೊ ಕೊಟ್ಟ ಸಲಹೆ

ಘಾಟಿಯ ರೇಸಿಗೆ ಹೊರಟಿದ್ದ ಕೆಂಪು ಕಾರು ಬಂಕಿನಲ್ಲಿ ನಿಂತಿತು.

"ನಿನ್ನಂಥ ಬಿರುಸಿನ ಎಂಜಿನ್ನಿಗೆ ಪ್ರೀಮಿಯಂ ಪೆಟ್ರೋಲೇ ಆಗಬೇಕು. ಸಾದಾ ಹಾಕಿಸಿಕೊಂಡರೆ ಏರಿನಲ್ಲಿ ಪಿಸ್ಟನ್ ಹೋಗುತ್ತದೆ," ಎಂದಿತು ಪಂಪು.

"ಮಾರುವವನು ಇನ್ನೇನು ಹೇಳಿಯಾನು?" ಎಂದು ನಕ್ಕ ಕಾರು, ಪಕ್ಕದಲ್ಲಿದ್ದ ತರಕಾರಿ ಟೆಂಪೊವನ್ನು ಕೇಳಿತು: "ಅಣ್ಣ, ನಿನಗಂತೂ ಇದರಲ್ಲಿ ಲಾಭವಿಲ್ಲ. ನೀನು ಹೇಳು."

"ಎರಡೂ ಒಂದೇ ಕಣಯ್ಯ. ಬರೀ ಹೆಸರಿಗೆ ದುಡ್ಡು ಕೀಳುತ್ತಾರೆ. ಸಾದಾ ಹಾಕಿಸಿಕೊಂಡು ಹೊರಡು," ಎಂದಿತು ಟೆಂಪೊ.

ಕಾರು ಹಾಗೇ ಮಾಡಿತು. ರೇಸಿನ ನಡುವೆ, ಕಡಿದಾದ ಏರಿನಲ್ಲಿ, ಎಂಜಿನ್ನಿನೊಳಗೆ ಸುತ್ತಿಗೆ ಬಡಿದಂತೆ ಸದ್ದಾಯಿತು. ಪಿಸ್ಟನ್ ಒಡೆದು, ಹೊಗೆ ಕಾರುತ್ತ ಕಾರು ನಿಂತೇಬಿಟ್ಟಿತು. ಹಿಂದಿದ್ದವರೆಲ್ಲ ದಾಟಿ ಹೋದರು.

ಸಂಜೆ ಅದನ್ನು ಹಗ್ಗ ಕಟ್ಟಿ ಎಳೆದೊಯ್ಯಲು ಬಂದದ್ದು ಅದೇ ಟೆಂಪೊ.

"ಅಣ್ಣ, ನಿನಗೆ ಒಗ್ಗಿದ ಸಾದಾ ಪೆಟ್ರೋಲು ನನಗೇಕೆ ಒಗ್ಗಲಿಲ್ಲ?" ಎಂದು ಕಾರು ನರಳಿತು.

"ನನಗೆ ಒಗ್ಗಿತು ಅಂತ ಯಾರು ಹೇಳಿದರು? ಹುಟ್ಟಿದಾಗಿನಿಂದ ನಾನು ಕುಡಿಯುವುದು ಡೀಸೆಲ್ಲು."

ಕಾರು ದಂಗಾಗಿಹೋಯಿತು. "ಪೆಟ್ರೋಲಿನ ರುಚಿಯೇ ಕಾಣದವನು ಬೆಳಿಗ್ಗೆ ಅಷ್ಟು ಗಟ್ಟಿಯಾಗಿ ಹೇಳಿದೆಯಲ್ಲ?"

"ಅಣ್ಣ ಅಂತ ಬಾಯಿಬಿಟ್ಟು ಕೇಳಿದೆ. ಗೊತ್ತಿಲ್ಲ ಅಂದರೆ ಚೆನ್ನಾಗಿರುತ್ತದೆಯೇ?" ಎಂದಿತು ಟೆಂಪೊ, ಹಗ್ಗ ಬಿಗಿಯುತ್ತ.