ಪೂಜೆಗೆ ಕೂತ ಜಪಾನ್ ಚಾಕು

ಕಪ್ಪು ಮೈ, ಬೆಳ್ಳಿ ತುಟಿ. ಬೆಂಕಿಯಲ್ಲಿ ಹುಟ್ಟಿದ್ದು, ತೊಟ್ಟು ನೀರಿಗೆ ಹೆದರುತ್ತೆ. ಏನದು ಹೇಳಿ? ತಲೆ ಕೆರೆದುಕೊಳ್ಳಬೇಡಿ, ನಿಮಗೆ ಗೊತ್ತಾಗಲ್ಲ. ನಾನೇ ಹೇಳ್ತೀನಿ: ಜಪಾನಿನ ಚಾಕು. ಇದೂ ಒಂದು ಒಗಟಾ ಅಂತ ಬೈಯದೆ ಕಥೆ ಕೇಳಿ.

ತಿಪಟೂರಿನಲ್ಲಿ ಮರುಳಯ್ಯ ಅಂತ ಮದುವೆಮನೆ ಅಡುಗೆಯವರು. ಜೀವನವೆಲ್ಲ ಈಳಿಗೆಮಣೆ ಮೇಲೆ ಕೂತು ತರಕಾರಿ ಹೆಚ್ಚಿದವರು. ಈಗ ಮಂಡಿ ಹಿಡಿದುಕೊಂಡಿತು. ಕೂತರೆ ಏಳೋಕಾಗಲ್ಲ. ನಿಂತು ಹೆಚ್ಚೋದು ಕಲಿಯದಿದ್ದರೆ ಕಸುಬು ಬಿಟ್ಟು ಮನೆಯಲ್ಲಿರಬೇಕು. ಅದಕ್ಕೇ ಒಳ್ಳೆ ಚಾಕು ಹುಡುಕಿಕೊಂಡು ಶಿಷ್ಯ ಸಿದ್ದೇಶನ ಜೊತೆ ಪೇಟೆಗೆ ಹೋದರು.

ಅಂಗಡಿಯವನು ಎರಡು ಚಾಕು ಇಟ್ಟ. ಒಂದು ಫಳಫಳ ಹೊಳೆಯೋದು, ಇನ್ನೊಂದು ಹಂಡೆ ತಳದ ಹಾಗೆ ಕಪ್ಪು. ಸಿದ್ದೇಶ ಹೊಳೆಯೋದರಲ್ಲಿ ಮುಖ ನೋಡಿಕೊಂಡು ಕ್ರಾಪು ಸರಿಮಾಡಿಕೊಂಡ. ಮರುಳಯ್ಯ ಕೈಚೀಲದಿಂದ ಹಣ್ಣು ಟೊಮೆಟೊ ತೆಗೆದು ಕೊಯ್ದು ನೋಡಿದರು. ಹೊಳೆಯೋದು ಜಜ್ಜಿತು. ಕರಿಯದು ಕೊಯ್ದದ್ದು ಟೊಮೆಟೊಗೇ ಗೊತ್ತಾಗಲಿಲ್ಲ. ಅದನ್ನೇ ತಗೊಂಡರು. ಇದು ಜಪಾನಿನದು, ಹಳೇ ಕಾಲದ ಉಕ್ಕು, ಬೇಗ ತುಕ್ಕು ಹಿಡಿಯುತ್ತೆ, ಹೆಚ್ಚಿದ ಕೂಡಲೇ ತೊಳೆದು ಒರೆಸಿ, ಎತ್ತಿಡುವಾಗ ಎಣ್ಣೆ ಸವರಿ, ಹುಳಿ ಮೈಮೇಲೆ ಬಿಡಬೇಡಿ ಅಂತ ಅಂಗಡಿಯವನು ಹೇಳಿದ. ಸಿದ್ದೇಶ ತಲೆಯಾಡಿಸಿದ. ಅವನ ತಲೆ ಎಲ್ಲದಕ್ಕೂ ಆಡುತ್ತೆ, ಒಳಗೇನೂ ಹೋಗಲ್ಲ.

ಬಂತು ಆಯುಧಪೂಜೆ. ಮಾರನೆಯ ದಿನ ಗೃಹಪ್ರವೇಶದ ಅಡುಗೆ, ಗುರುಗಳು ನಿಂತು ಹೆಚ್ಚುವ ಮೊದಲ ಕೆಲಸ. ಅವರು ತರಕಾರಿ ತರಲು ಹೋಗಿದ್ದಾಗ ಶಿಷ್ಯನಿಗೆ ಭಕ್ತಿ ಉಕ್ಕಿತು. ಚಾಕುವಿಗೆ ನೀರಲ್ಲಿ ಕಲಸಿದ ವಿಭೂತಿ ಬಳಿದ. ಅರಿಶಿನ ಕುಂಕುಮ ಇಟ್ಟ. ಒದ್ದೆ ಸೇವಂತಿಗೆ ಹೊದಿಸಿದ. ಇಷ್ಟು ಸಾಲದು ಅಂತ ನಿಂಬೆಹಣ್ಣು ಕೊಯ್ದು ಹೋಳುಗಳನ್ನು ಅಲಗಿನ ಮೇಲೇ ಮಗುಚಿಟ್ಟ. ಪೂಜೆಗಿಟ್ಟದ್ದನ್ನು ಬೆಳಗಿನವರೆಗೆ ಯಾರೂ ಕದಲಿಸಬಾರದು ಅಂತ ಮನೆಯವರಿಗೆಲ್ಲ ಆರ್ಡರ್ ಬೇರೆ ಮಾಡಿದ.

ಬೆಳಿಗ್ಗೆ ಹೂವು ಎತ್ತಿದರೆ, ಎಲ್ಲಿವರೆಗೆ ಕುಂಕುಮ, ಎಲ್ಲಿಂದ ತುಕ್ಕು ಅಂತಲೇ ತಿಳಿಯಲಿಲ್ಲ.

"ಏನೋ ಇದು?" ಅಂದರು ಮರುಳಯ್ಯ.

"ದೇವರ ಮುಂದೆ ಇಟ್ಟಿದ್ದೆ ಅಯ್ಯನೋರೆ."

"ಒರೆಸಿದ್ಯಾ?"

"ಭಕ್ತಿಯಿಂದ ಇಟ್ಟಿದ್ದೆ."

"ಒರೆಸೋಕೂ ದೇವರಿಗೇ ಹೇಳಿದ್ಯೇನೋ?"

ಸಿದ್ದೇಶ ತಪ್ಪಾಯ್ತು ಅಂತ ಮತ್ತೆ ಕೈಮುಗಿಯಲು ಹೋದ. ಮರುಳಯ್ಯ ಆ ಕೈಗೆ ಸಾಣೆಕಲ್ಲು ಕೊಟ್ಟರು. ಅವನು ಬೂದಿ ಹಾಕಿ ತಿಕ್ಕಿದ, ಕಲ್ಲಿಗೆ ನೀರು ಹನಿಸಿ ಮಸೆದ, ಒಣಬಟ್ಟೆಯಲ್ಲಿ ಒರೆಸಿದ. ಅಲಗಿನ ಅಂಚು ಮತ್ತೆ ಬೆಳ್ಳಗಾಯಿತು. ಗೃಹಪ್ರವೇಶದ ಮನೆಯಲ್ಲಿ ಗುರುಗಳು ನಿಂತೇ ಬೂದುಗುಂಬಳ ಹೆಚ್ಚಿದರು. ಸಿದ್ದೇಶ ಪಕ್ಕದಲ್ಲೇ ಬಟ್ಟೆ ಹಿಡಿದು ನಿಂತಿದ್ದ.

ನೀತಿ: ಅನ್ನ ಕೊಡುವ ವಸ್ತುವಿಗೆ ವರ್ಷಕ್ಕೊಮ್ಮೆ ಕೈಮುಗಿದರೆ ಸಾಲದು, ದಿನಾ ಕೈಯಾರೆ ಒರೆಸಿಡಬೇಕು.

ಇನ್ನೊಂದು ಮಾತು. ಈ ಕಥೆಯನ್ನು ನಾನು ಕೇಳಿದ್ದು ತುಕ್ಕಿನವರೆಗೆ ಮಾತ್ರ. ಆಮೇಲಿನದೆಲ್ಲ ನಾನೇ ಕಟ್ಟಿದ್ದು. ಆ ಪೆದ್ದನಿಂದಾಗಿ ಮರುಳಯ್ಯನವರನ್ನು ಮನೆಯಲ್ಲಿ ಕೂರಿಸೋಕೆ ನನಗೆ ಮನಸ್ಸಾಗಲಿಲ್ಲ.